ಡೆಕ್ಕನ್ ಟ್ರ್ಯಾಪ್ ಹರಳು ಕೊಳ್ಳುವಾಗ ತುದಿಯನ್ನೂ ನೋಡಿ, ಬುಡವನ್ನೂ ನೋಡಿ

ಪುಣೆ, ನಾಸಿಕ್, ಜಳಗಾಂವ್ ಸುತ್ತಮುತ್ತಲಿನ ಕ್ವಾರಿಗಳಿಂದ ಬರುವ ಅಪೋಫಿಲೈಟ್, ಸ್ಟಿಲ್ಬೈಟ್, ಸ್ಕೊಲೆಸೈಟ್ ಹರಳುಗಳಿಗೆ ಜಗತ್ತಿನಾದ್ಯಂತ ಬೇಡಿಕೆ ಇದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು, ಡೆಕ್ಕನ್ ಟ್ರ್ಯಾಪ್ ಎಂಬ ಕರಿಕಲ್ಲಿನ ಪದರಗಳಾದ ಲಾವಾ ಆರುವಾಗ ಒಳಗೆ ಉಳಿದ ಗಾಳಿಗುಳ್ಳೆಗಳಲ್ಲಿ, ಆಮೇಲೆ ನುಗ್ಗಿದ ಬಿಸಿನೀರಿನಿಂದ ಬೆಳೆದ ಹರಳುಗಳಿವು. ಅಲ್ಲಿ ಕಲ್ಲು ಒಡೆಯುವುದು ಹೆಚ್ಚಾಗಿ ರಸ್ತೆಗೆ, ಕಟ್ಟಡಕ್ಕೆ ಜಲ್ಲಿ ಬೇಕೆಂದು. ಸಿಡಿಮದ್ದಿನ ಪೆಟ್ಟಿಗೆ ಪೊಳ್ಳು ತೆರೆದುಕೊಳ್ಳುವಷ್ಟರಲ್ಲಿ ಒಳಗಿನ ಎಷ್ಟೋ ಹರಳು ಮುಕ್ಕಾಗಿರುತ್ತವೆ. ಹಾಗಾಗಿ ದೊಡ್ಡ ತುಂಡಿಗಿಂತ ಮುಕ್ಕಾಗದ ತುಂಡಿಗೆ ದುಡ್ಡು ಕೊಡಿ ಎಂಬುದೇ ನನ್ನ ಮಾತು. ಅಂಗೈಯಗಲದ ಒಡಕು ಗೊಂಚಲಿಗಿಂತ ಐದು ಸೆಂಟಿಮೀಟರಿನ ಪರಿಪೂರ್ಣ ತುಂಡು ಎಷ್ಟೋ ಮೇಲು.

ಅಪೋಫಿಲೈಟ್‌ನಲ್ಲಿ ಪೆಟ್ಟು ಹುಡುಕುವುದೇ ಕಷ್ಟ. ಅದು ಬೆಣಚುಕಲ್ಲಿನ ಹಾಗೆ ಒರಟೊರಟಾಗಿ ಒಡೆಯುವುದಿಲ್ಲ. ಉದ್ದಕ್ಕೆ ಅಡ್ಡಲಾಗಿ ಸಪಾಟಾಗಿ, ನುಣ್ಣಗೆ ಸೀಳುತ್ತದೆ. ಚೂಪು ತುದಿ ಹಾರಿಹೋದ ಹರಳು, ಹುಟ್ಟಿನಿಂದಲೇ ಚಪ್ಪಟೆ ತಲೆಯದ್ದೇನೋ ಎಂಬಂತೆ ಕಾಣುತ್ತದೆ. ಪಕ್ಕದ ಹರಳುಗಳನ್ನು ನೋಡಿ. ಎಲ್ಲದಕ್ಕೂ ಚೂಪು ತುದಿಯಿದ್ದು ಒಂದೆರಡಕ್ಕೆ ಮಾತ್ರ ಸಪಾಟು ತಲೆಯಿದ್ದರೆ ಅವು ಸೀಳಿದವು ಎಂದೇ ಅನುಮಾನಿಸಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕೈಮಸೂರ) ಹಿಡಿದರೆ ಸೀಳಿದ ಮುಖದ ಅಂಚಿನಲ್ಲಿ ಸಣ್ಣ ಮೆಟ್ಟಿಲುಗಳು ಕಾಣುತ್ತವೆ. ಒಂದೇ ದಿಕ್ಕಿಗೆ ಓಡುವ ಸೂಕ್ಷ್ಮ ಗೀರುಗಳಿದ್ದರೆ ಯಾರೋ ಉಜ್ಜಿ ಪಾಲಿಶ್ ಮಾಡಿದ್ದಾರೆ. ಒಳಗೆ ಕಾಮನಬಿಲ್ಲಿನ ಬಣ್ಣ ಮಿನುಗಿದರೆ ಮಾರುವವರು ಅದನ್ನೇ ಹೊಗಳುತ್ತಾರೆ. ನಿಜಕ್ಕೆ ಅದು ಒಳಗೆ ಬಿಟ್ಟಿರುವ ಬಿರುಕು. ಬೆಣಚು ಹರಳನ್ನು ಅಪೋಫಿಲೈಟ್ ಎಂದು ಕೊಟ್ಟರೆ ಗೆರೆ ನೋಡಿ: ಅಪೋಫಿಲೈಟ್‌ನ ಪಕ್ಕದ ಮುಖಗಳಲ್ಲಿ ಗೆರೆ ಉದ್ದಕ್ಕೆ, ಬೆಣಚಿನಲ್ಲಿ ಅಡ್ಡಕ್ಕೆ.

ಕ್ಯಾವನ್ಸೈಟ್‌ನ ವಿಷಯದಲ್ಲಿ ಬುಡ ನೋಡಬೇಕು. ಪುಣೆ ಹತ್ತಿರದ ವಾಘೋಲಿಯ ಕ್ವಾರಿಗಳಿಂದ ಬರುವ ಈ ಗಾಢ ನೀಲಿ ಉಂಡೆಗಳಿಗೆ ಬೆಲೆ ಹೆಚ್ಚು. ಬಿಡಿಯಾಗಿ ಉದುರಿದ ಉಂಡೆಯನ್ನು ಬಿಳಿ ಸ್ಟಿಲ್ಬೈಟ್ ಮೇಲೆ ಅಂಟಿಸಿ ಮಾರುವುದೂ ಉಂಟು. ಸಹಜವಾಗಿ ಬೆಳೆದದ್ದಾದರೆ ಬುಡ ತಾನು ಬೆಳೆದ ತಾಯಿಕಲ್ಲಿನೊಳಗೆ ಹುದುಗಿರುತ್ತದೆ, ಸುತ್ತ ಸಣ್ಣಪುಟ್ಟ ನೀಲಿ ಹರಳು ಚದುರಿರುತ್ತವೆ, ಕೆಲವೊಮ್ಮೆ ಸ್ಟಿಲ್ಬೈಟ್ ಅದರ ಮೇಲೂ ಹತ್ತಿರುತ್ತದೆ. ಅಂಟಿಸಿದ್ದಾದರೆ ಬುಡದ ಸುತ್ತ ಹೊಳೆಯುವ ಗೆರೆ, ಅದರಲ್ಲಿ ಸಿಕ್ಕಿಬಿದ್ದ ನೀಲಿ ಪುಡಿ, ಗಾಳಿಗುಳ್ಳೆ. 365 ನ್ಯಾನೊಮೀಟರಿನ ಯುವಿ ಟಾರ್ಚ್ ಬಿಟ್ಟರೆ ಎಪಾಕ್ಸಿ ಅಂಟು ಸಾಮಾನ್ಯವಾಗಿ ನೀಲಿಬಿಳುಪಾಗಿ ಬೆಳಗುತ್ತದೆ. ಅಗ್ಗದ 395ರ ಟಾರ್ಚ್ ನೇರಳೆ ಬೆಳಕನ್ನೇ ಚೆಲ್ಲುವುದರಿಂದ ಅಂಟಿನ ಹೊಳಪು ಅದರಲ್ಲಿ ಮುಚ್ಚಿಹೋಗುತ್ತದೆ. ಎಲ್ಲ ಅಂಟೂ ಬೆಳಗುವುದಿಲ್ಲ, ಕ್ಯಾಲ್ಸೈಟ್‌ನಂಥ ಖನಿಜಗಳೂ ಬೆಳಗಬಲ್ಲವು. ಟಾರ್ಚಿನ ಜೊತೆ ಲೂಪ್ ಬೇಕೇ ಬೇಕು. ಮುರಿದದ್ದನ್ನು ಜೋಡಿಸಿ ‘ರಿಪೇರಿ ಆಗಿದೆ’ ಎಂದು ಹೇಳಿ ಕಡಿಮೆ ಬೆಲೆಗೆ ಕೊಟ್ಟರೆ ತಪ್ಪಿಲ್ಲ, ಮುಚ್ಚಿಡುವುದು ತಪ್ಪು.

ಕೂದಲಿನಂಥ ಎಳೆಗಳಿಂದಾದ ಒಕೆನೈಟ್‌ನ ಬಿಳಿ ಉಂಡೆಗಳು ಗುಲಾಬಿ, ನೇರಳೆ ಬಣ್ಣದಲ್ಲಿ ಕಂಡರೆ ಬಣ್ಣ ಹಾಕಿದ್ದು ಎಂದೇ ತಿಳಿಯಿರಿ. ಅದನ್ನು ಬೆರಳಿನಿಂದ ಮುಟ್ಟಲೇಬಾರದು. ಒಮ್ಮೆ ಒತ್ತಿಹೋದ ಎಳೆ ಮತ್ತೆ ಏಳುವುದಿಲ್ಲ. ಲಾಮೊಂಟೈಟ್ ಎಂಬ ಹರಳು ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ಒಣಗಾಳಿಯಲ್ಲಿ ನೀರು ಕಳೆದುಕೊಂಡು ಪುಡಿಪುಡಿಯಾಗುತ್ತದೆ.

ಆನ್‌ಲೈನ್‌ನಲ್ಲಾದರೆ ಬಿಸಿಲಿನಲ್ಲಿ, ಕೈಯಲ್ಲಿ ಹಿಡಿದು ತಿರುಗಿಸಿದ ವಿಡಿಯೊ ಕೇಳಿ. ಬೆರಳಿನ ಬಣ್ಣ ಸಹಜವಾಗಿದ್ದರೆ ಕಲ್ಲಿನ ಬಣ್ಣವನ್ನೂ ಬಹುಮಟ್ಟಿಗೆ ನಂಬಬಹುದು. ಹಿಂಬದಿಯ ಫೋಟೊ, ಸೆಂಟಿಮೀಟರಿನಲ್ಲಿ ಅಳತೆ, ಸಿಕ್ಕಿದ ಊರು ಅಥವಾ ಕ್ವಾರಿಯ ಹೆಸರು ಇಷ್ಟೂ ಬರಹದಲ್ಲಿರಲಿ. ‘ಇಂಡಿಯಾ’ ಎಂದಷ್ಟೇ ಬರೆದ ಚೀಟಿಯಿಂದ ಏನೂ ತಿಳಿಯುವುದಿಲ್ಲ. ಬಂದ ಚೀಟಿಯನ್ನು ಎಸೆಯದೆ, ಅದರ ನಂಬರನ್ನು ಕಲ್ಲಿನ ತಳಕ್ಕೂ ಅಂಟಿಸಿ.

ನಮ್ಮ ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲೂ ಇದೇ ಲಾವಾದ್ದೇ. ಕ್ವಾರಿಗೆ ಇಳಿಯುವುದಾದರೆ ಮಾಲೀಕರ ಒಪ್ಪಿಗೆ ಬೇಕು, ಹೆಲ್ಮೆಟ್ ಬೇಕು, ಹೊಸದಾಗಿ ಸಿಡಿಸಿದ ಗೋಡೆಯ ಕೆಳಗೆ ನಿಲ್ಲಬಾರದು. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿ ಸುತ್ತಿಗೆ ಎತ್ತಲೇಬೇಡಿ.

ತೊಳೆಯುವ ಭರದಲ್ಲಿ ಒಳ್ಳೆಯ ಕಲ್ಲು ಕೆಡುತ್ತವೆ. ಬಾತ್‌ರೂಮ್ ಆ್ಯಸಿಡ್ ತಾಗಿದರೆ ಸ್ಟಿಲ್ಬೈಟ್, ಸ್ಕೊಲೆಸೈಟ್‌ನಂಥ ಜಿಯೊಲೈಟ್‌ಗಳ, ಅಪೋಫಿಲೈಟ್‌ನ ಹೊಳಪು ಹೋಗುತ್ತದೆ, ಕ್ಯಾಲ್ಸೈಟ್ ಕರಗಿಯೇ ಹೋಗುತ್ತದೆ. ಬಿಸಿನೀರಿನಿಂದ ತಣ್ಣೀರಿಗೆ ಹಾಕಿದರೆ ಅಪೋಫಿಲೈಟ್ ಸೀಳಬಹುದು. ಅಲ್ಟ್ರಾಸಾನಿಕ್ ಕ್ಲೀನರ್ ಕೂಡ ಬೇಡ. ಮಣ್ಣಿಗೆ ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಬ್ರಷ್ ಸಾಕು. ತುಕ್ಕಿನ ಕಲೆಯಿದ್ದರೆ ಒಂದು ಲೀಟರ್ ನೀರಿಗೆ 71 ಗ್ರಾಂ ಸೋಡಿಯಂ ಸಿಟ್ರೇಟ್, 8.5 ಗ್ರಾಂ ಅಡುಗೆ ಸೋಡಾ ಕರಗಿಸಿ, ಬಳಸುವ ಹೊತ್ತಿಗೆ 20 ಗ್ರಾಂ ಸೋಡಿಯಂ ಡೈಥಯೊನೈಟ್ ಸೇರಿಸಿ, ಕಲ್ಲು ಮುಳುಗಿಸಿ ಮುಚ್ಚಿಡಿ. ಘಾಟು ವಾಸನೆ ಬರುತ್ತದೆ, ಮನೆಯ ಹೊರಗೇ ಮಾಡಿ, ಕೈಗವಸು ಹಾಕಿಕೊಳ್ಳಿ. ಈ ದ್ರಾವಣ ಕೆಲವೇ ಗಂಟೆಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಹಾಗಾಗಿ ಕಲೆ ಉಳಿದರೆ ಹೊಸದಾಗಿ ಮಾಡಬೇಕು. ಕೊನೆಗೆ ನೀರು ಬದಲಿಸುತ್ತಾ ಚೆನ್ನಾಗಿ ನೆನೆಸಿ ತೊಳೆಯಿರಿ. ಒಕೆನೈಟ್, ಮೊರ್ಡೆನೈಟ್‌ನಂಥ ಎಳೆಎಳೆಯಾದ ಹರಳುಗಳಿಗೆ ನೀರೇ ಬೇಡ, ದೂರದಿಂದ ರಬ್ಬರ್ ಬಲ್ಬಿನಲ್ಲಿ ಗಾಳಿ ಊದಿದರೆ ಸಾಕು.

ಕೊರಿಯರ್‌ನಲ್ಲಿ ಕಳಿಸುವಾಗ ಹತ್ತಿ ಬಳಸಬಾರದು, ಎಳೆ ಸಿಕ್ಕಿ ತೆಗೆಯುವಾಗ ಹರಳೇ ಕಿತ್ತು ಬರುತ್ತದೆ. ಗಟ್ಟಿ ಹರಳಿಗೆ ಟಿಶ್ಯೂ ಸುತ್ತಿ ಬಬಲ್ ರ್‍ಯಾಪ್ ಹಾಕಿ. ಸ್ಕೊಲೆಸೈಟ್ ಸೂಜಿಗಳಿಗೆ ಏನೂ ತಾಗಬಾರದು: ತಾಯಿಕಲ್ಲನ್ನು ಗಟ್ಟಿ ರಟ್ಟಿಗೆ ದಾರದಿಂದ ಬಿಗಿದು, ರಟ್ಟನ್ನು ಸಣ್ಣ ಡಬ್ಬದ ತಳಕ್ಕೆ ಅಂಟಿಸಿ, ಆ ಡಬ್ಬವನ್ನು ಎಲ್ಲ ಬದಿಗೂ ಐದು ಸೆಂಟಿಮೀಟರ್ ಮೆತ್ತೆ ಇರುವ ಇನ್ನೊಂದು ಡಬ್ಬದಲ್ಲಿಡಿ. ಮುಚ್ಚಿದ ಮೇಲೆ ಮೆಲ್ಲಗೆ ಅಲುಗಾಡಿಸಿ. ಒಳಗೆ ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.