ಬೈನೆ ಮರಕ್ಕೆ ಹಾಕಿದ ಕೆಂಪು ಗುರುತು

ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಕೆಲಸ ಮಾಡಿಸುವವನು, ಲೆಕ್ಕ ಬರೆಯುವವನು. ಸೇರಿದ ಮೊದಲ ವರ್ಷ, ಮರ ಕಪಾತಿಗೆ (ನೆರಳಿನ ಮರ ಸವರುವ ಕೆಲಸಕ್ಕೆ) ಮುಂಚೆ, ಕಡಿಯಬೇಕಾದ ಮರಗಳಿಗೆ ಕೆಂಪು ಬಣ್ಣ ಹಚ್ಚುತ್ತಾ ಹೋಗುತ್ತಿದ್ದೆ. ತೋಡಿನ (ಸಣ್ಣ ಹಳ್ಳದ) ಪಕ್ಕ ಒಂದು ಬೈನೆ ಮರ, ತಾಳೆ ಜಾತಿಯದು. ತುದಿಯ ಸೋಗೆ ಒಣಗಿತ್ತು. ಕಾಂಡದ ನಡುವಿನಿಂದ ಜಡೆಯಂಥ ಹಣ್ಣಿನ ಗೊನೆ ಜೋತಿತ್ತು. ರೋಗ ಹಿಡಿದಿದೆ ಅಂದುಕೊಂಡೆ. ಬೈನೆಯ ತಿರುಳಿಂದ ಹಿಟ್ಟು ಮಾಡ್ತಾರೆ ಅಂತ ಕೇಳಿದ್ದೆ. ಲೈನ್ ಮನೆಯ ಕೆಲಸಗಾರರಿಗೆ ಅದಾದರೂ ಸಿಗಲಿ ಅಂತ ಗುರುತು ಹಾಕಿಬಿಟ್ಟೆ.

ಮೊದಲು ಗೊನೆ ಇಳಿಸಿದೆವು. ಹಣ್ಣು ಕಾಫಿ ಗಿಡಗಳ ಬುಡಕ್ಕೆಲ್ಲ ಚೆಲ್ಲಿತು. ಬಾಚಿ ತೆಗೆಯಿರಿ ಅಂತ ಇಬ್ಬರು ಹೆಂಗಸರಿಗೆ ಹೇಳಿದೆ. ಬರಿಗೈ. ಸ್ವಲ್ಪ ಹೊತ್ತಿಗೇ ಇಬ್ಬರೂ ಕೈ ಕೆರೆದುಕೊಳ್ಳುತ್ತಾ ತೋಡಿಗೆ ಓಡಿದರು. ಆ ಹಣ್ಣಿನ ತಿರುಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸಣ್ಣ ಸೂಜಿಗಳಿರುತ್ತವೆ, ಚರ್ಮಕ್ಕೆ ಚುಚ್ಚುತ್ತವೆ. ಲಿನೇಯಸ್ 1753ರಲ್ಲಿ ಈ ಮರಕ್ಕೆ ಕ್ಯಾರಿಯೋಟಾ ಯುರೆನ್ಸ್ ಅಂತ ಹೆಸರಿಟ್ಟ. ಯುರೆನ್ಸ್ ಅಂದರೆ ಉರಿಸುವಂಥದ್ದು. ನನಗೆ ಅದು ಆಮೇಲೆ ತಿಳಿಯಿತು. ಅವರ ಕೈ ಉರಿ ಇಳಿಯಲು ಸಂಜೆಯಾಯಿತು. ತಪ್ಪು ಪೂರ್ತಿ ನನ್ನದು.

ತೋಟದ ಹಿರಿಯ ಕೆಲಸಗಾರರೊಬ್ಬರನ್ನು ನಾವೆಲ್ಲ ಅಜ್ಜ ಅನ್ನುತ್ತಿದ್ದೆವು. ಅವರು ಬಂದು ಮರದ ಕಾಂಡ ತಟ್ಟಿದರು. "ರೈಟ್ರೇ, ಇದರಲ್ಲಿ ಹಿಟ್ಟೆಲ್ಲಿದೆ? ಎಲ್ಲ ಹೂವಿಗೆ ಹೋಯ್ತಲ್ಲ" ಅಂದರು.

ಆಮೇಲೆ ಮರದ ಕೆಳಗೇ ಕೂರಿಸಿ ಎಲ್ಲ ಹೇಳಿಕೊಟ್ಟರು. ಬೈನೆ ಹೂ ಬಿಡಲು ಹತ್ತು ಹದಿನೈದು ವರ್ಷ ಬೇಕು. ಅಷ್ಟು ಕಾಲ ಕಾಂಡದಲ್ಲಿ ಹಿಟ್ಟು ಕೂಡಿಡುತ್ತದೆ. ಮೊದಲ ಗೊನೆ ತುದಿಯಲ್ಲಿ. ಆಮೇಲಿನವು ಒಂದೊಂದಾಗಿ ಕೆಳಕ್ಕೆ ಇಳಿಯುತ್ತವೆ. ಕೊನೆಯ ಗೊನೆ ಮುಗಿದರೆ ಮರವೂ ಮುಗಿಯಿತು. ಅಂದರೆ ನಾನು ನೋಡಿದ್ದು ರೋಗ ಅಲ್ಲ, ವಯಸ್ಸು. ಹಿಟ್ಟು ಬೇಕಿದ್ದರೆ ಹೂ ಬಿಡುವ ಮುಂಚೆಯೇ ಕಡಿಯಬೇಕು. ಕಾಂಡ ಸೀಳಿ, ತಿರುಳು ಕುಟ್ಟಿ, ನೀರಲ್ಲಿ ಕಲಸಿ ಸೋಸಬೇಕು. ತಳದಲ್ಲಿ ಕೂತದ್ದನ್ನು ಒಣಗಿಸಿದರೆ ಗಂಜಿಗೆ, ರೊಟ್ಟಿಗೆ ಆಗುತ್ತದೆ. ಮರ ಉಳಿಸಿ ತಿನ್ನಬೇಕಾದರೆ ಹೂಗೊನೆ ಕೊಯ್ದು ರಸ ಇಳಿಸಬೇಕು. ರಸವನ್ನು ಹುಳಿಯಲು ಬಿಟ್ಟರೆ ಅದೇ ಬೈನೆ ಕಳ್ಳು. ಹುಳಿ ಬರದಂತೆ ಮಡಕೆಗೆ ಸುಣ್ಣ ಬಳಿದು, ರಸ ಕಾಯಿಸಿದರೆ ಬೆಲ್ಲ. ಶ್ರೀಲಂಕಾದಲ್ಲಿ ಇದೇ ಮರವನ್ನು ಕಿತುಲ್ ಅನ್ನುತ್ತಾರೆ, ಅದರ ಬೆಲ್ಲ ಅಲ್ಲಿ ತುಂಬಾ ಹೆಸರುವಾಸಿ.

ನಮ್ಮನ್ನು ಉರಿಸುವ ಆ ಹಣ್ಣನ್ನೇ ಪುನುಗು ಬೆಕ್ಕು ಸುಮ್ನೆ ತಿಂದು ಬೀಜ ಹಾಕಿ ಹೋಗುತ್ತದೆ. ತೋಟದಲ್ಲಿ ಯಾರೂ ನೆಡದೆ ಬೈನೆ ಏಳುವುದು ಹಾಗೆ. ಆನೆಗಂತೂ ಇದರ ಸೊಪ್ಪೆಂದರೆ ಪ್ರಾಣ.

ಬಣ್ಣ ಕೆರೆದು ತೆಗೆಸಿದೆ. ಈಗ ಯಾವ ಮರಕ್ಕೇ ಗುರುತು ಹಾಕುವ ಮುಂಚೆ ಹಿರಿಯ ಕೆಲಸಗಾರರೊಬ್ಬರನ್ನು ಕರೆದುಕೊಂಡೇ ಹೋಗುತ್ತೇನೆ. ಬೈನೆ ಹಣ್ಣು ತೆಗೆಯುವವರಿಗೆ ಕೈಗವಸು, ಉದ್ದ ಹಿಡಿಯ ಗುದ್ದಲಿ ಕೊಡದೆ ಕೆಲಸ ಶುರು ಮಾಡಿಸುವುದಿಲ್ಲ.

ಆ ಮರದ ಗೊನೆ ಈ ವರ್ಷ ನನ್ನ ತಲೆಯ ಎತ್ತರಕ್ಕೆ ಇಳಿದಿದೆ. ಇನ್ನೊಂದು ಬಿಟ್ಟರೆ ಜಾಸ್ತಿ. ತೋಡಿನ ದಡದಲ್ಲಿ ನಾಲ್ಕು ಸಸಿ ಎದ್ದಿವೆ. ಕಳೆ ಕೊಚ್ಚುವವರಿಗೆ ಕಾಣಲಿ ಅಂತ ಪಕ್ಕದಲ್ಲಿ ಗೂಟ ನೆಟ್ಟಿದ್ದೇನೆ.