ಪನ್ವೇಲ್–ಕನ್ಯಾಕುಮಾರಿ ಸೈಕಲ್ ಪ್ರಯಾಣ: ನಾವುಂದದಿಂದ ಮಂಗಳೂರಿಗೆ

ಇವತ್ತಿನ ದಾರಿ: ನಾವುಂದ, ಕುಂದಾಪುರ, ಉಡುಪಿ, ಮಟ್ಟು, ಕಾಪು, ಮೂಲ್ಕಿ, ಮಂಗಳೂರು. ದೂರ ಸುಮಾರು 120 ಕಿ.ಮೀ. ಊರೊಳಗಿನ ಕೊನೆಯ ಭಾಗ ಬಿಟ್ಟರೆ ಏರು ಅನ್ನುವಂಥದ್ದು ಇಲ್ಲ. ಪಂಕ್ಚರ್ ಎರಡು. ಎರಡೂ ಭಾವನ ಹಿಂದಿನ ಚಕ್ರಕ್ಕೆ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಕರಾವಳಿಗೆ ಬಂದ ಮೇಲೆ ನಮ್ಮ ವೇಳಾಪಟ್ಟಿಯೇ ಬದಲಾಗಿದೆ. ಕತ್ತಲಲ್ಲಿ ಹೊರಡುವುದು, ಹನ್ನೊಂದೂವರೆಯೊಳಗೆ ನೆರಳು ಹಿಡಿಯುವುದು, ಮೂರರ ಮೇಲೆ ಮತ್ತೆ ಪೆಡಲ್. ಜನವರಿ ಅಂತ ಹೆಸರಿಗೆ ಮಾತ್ರ. ಹತ್ತು ಗಂಟೆಗೆಲ್ಲ ಸೆಖೆ ಶುರು. ಬಿಸಿಲನ್ನಾದರೂ ತಡೆದುಕೊಳ್ಳಬಹುದು, ಆದರೆ ಗಾಳಿಯಲ್ಲಿ ಇಷ್ಟು ತೇವ ಇದ್ದರೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಬಯಲುಸೀಮೆಯಲ್ಲಿ ಒಂದು ಬಾಟಲಿ ನೀರು ಸಾಕಾಗುವ ದೂರಕ್ಕೆ ಇಲ್ಲಿ ಎರಡು ಬೇಕು.

ಮರವಂತೆ ಕತ್ತಲಲ್ಲೇ ಹಿಂದೆ ಬಿತ್ತು. ಬಲಕ್ಕೆ ಸಮುದ್ರದ ಸದ್ದು, ಎಡಕ್ಕೆ ಸೌಪರ್ಣಿಕಾ ಸದ್ದಿಲ್ಲದೆ, ನಡುವೆ ಹೆದ್ದಾರಿ 66. ನಿನ್ನೆ ಸಂಜೆಯೇ ಇಲ್ಲಿಗೆ ಬಂದು ಭಾವ ಬೇಕಾದಷ್ಟು ಫೋಟೊ ತೆಗೆದಿದ್ದರು, ಹಾಗಾಗಿ ಇವತ್ತು ನಿಲ್ಲಲಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಶಾಲು ಹೊದ್ದುಕೊಂಡು ಮನೆಗೆ ಹೋಗುತ್ತಿದ್ದ ನಾಲ್ಕು ಜನ ನಮ್ಮ ಮಿಣುಕು ದೀಪ ನೋಡಿ ನಿಂತರು. ಒಬ್ಬರು "ಎಲ್ಲಿಗೆ ಹೊರಟದ್ದು?" ಅಂದರು. "ಕನ್ಯಾಕುಮಾರಿಗೆ" ಅಂದ ಭಾವನಿಗೆ ಉತ್ತರ ಬರಲೇ ಇಲ್ಲ. ನಿದ್ದೆಗಣ್ಣಲ್ಲಿ ಏನೋ ತಪ್ಪು ಕೇಳಿಸಿತು ಅಂದುಕೊಂಡಿರಬೇಕು.

ಆರಾಟೆ ಸೇತುವೆ ದಾಟುವಾಗ ಬೆಳಕು ಹರಿಯಿತು. ಸೇತುವೆಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ದಿನವನ್ನು ಕಿಲೋಮೀಟರಿಗಿಂತ ನದಿಗಳಲ್ಲಿ ಎಣಿಸುವುದೇ ಸರಿ. ಘಟ್ಟದಿಂದ ಇಳಿದ ನೀರೆಲ್ಲ ಈ ರಸ್ತೆಯ ಕೆಳಗೇ ಹಾದು ಸಮುದ್ರ ಸೇರಬೇಕು. ಕುಂದಾಪುರದ ಹತ್ತಿರವೇ ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜ, ಖೇಟಕ ಐದೂ ಸೇರಿ ಪಂಚಗಂಗಾವಳಿ ಆಗುತ್ತವೆ. ಆಮೇಲೆ ಮಾಬುಕಳದಲ್ಲಿ ಸೀತಾ, ಕಲ್ಯಾಣಪುರದಲ್ಲಿ ಸುವರ್ಣಾ, ಉದ್ಯಾವರದ ಹೊಳೆ, ಮೂಲ್ಕಿಯಲ್ಲಿ ಶಾಂಭವಿ, ಪಾವಂಜೆಯಲ್ಲಿ ನಂದಿನಿ, ಕೂಳೂರಿನಲ್ಲಿ ಫಲ್ಗುಣಿ. ನೋಡಲು ಒಂದಕ್ಕಿಂತ ಒಂದು ಚಂದ. ಆದರೆ ಸೈಕಲಿಗೆ ತೊಂದರೆ ಇರುವುದೂ ಅಲ್ಲೇ. ಹೆದ್ದಾರಿಯ ಅಂಚಿನಲ್ಲಿ ನಮಗೆ ಸಿಗುವ ಆ ಒಂದೂವರೆ ಮೀಟರ್ ಜಾಗ ಸೇತುವೆ ಬಂದ ಕೂಡಲೇ ಮಾಯ. ಹಿಂದಿನ ಲಾರಿಗೆ ಅದು ಗೊತ್ತಿರುವುದಿಲ್ಲ. ಜತೆಗೆ ಜೋಡಣೆಯ ಕಬ್ಬಿಣದ ಪಟ್ಟಿಗಳು ಬೇರೆ, ಬೆಳಗಿನ ಇಬ್ಬನಿಗೆ ಅವು ಜಾರುತ್ತವೆ. ನಾವು ಮಾಡುವುದು ಇಷ್ಟು: ಸೇತುವೆಗೆ ನೂರು ಮೀಟರ್ ಇರುವಾಗಲೇ ಹಿಂದೆ ನೋಡಿ, ಕೈ ತೋರಿಸಿ, ಎಡ ಲೇನಿನ ನಡುವಿಗೇ ಬಂದುಬಿಡುವುದು. ಗೋಡೆಗೆ ಅಂಟಿಕೊಂಡು ಹೋದರೆ ಎಲ್ಲರೂ ನಿಮ್ಮನ್ನು ಒರೆಸಿಕೊಂಡೇ ಹೋಗುತ್ತಾರೆ. ನಡುವಲ್ಲಿದ್ದರೆ ಹಾರ್ನ್ ಹೊಡೆಯುತ್ತಾರೆ, ಆದರೆ ಕಾಯುತ್ತಾರೆ.

ಕೋಟದಲ್ಲಿ ತಿಂಡಿ. ಶಿವರಾಮ ಕಾರಂತರ ಊರು ಅಂತ ಭಾವ ಒಂದು ನಿಮಿಷ ಗಂಭೀರವಾಗಿದ್ದರು, ಬನ್ಸ್ ಬಂದ ಕೂಡಲೇ ಸರಿಹೋದರು. ಸೈಕಲ್ ಹೊಡೆಯುವವರಿಗೆ ಬನ್ಸಿಗಿಂತ ಒಳ್ಳೆಯ ತಿಂಡಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಬಾಳೆಹಣ್ಣು, ಮೈದಾ, ಸಕ್ಕರೆ, ಎಣ್ಣೆ, ಎಲ್ಲವೂ ಬೇಕಾದದ್ದೇ. ಎರಡು ತಿಂದು ಎರಡು ಕಟ್ಟಿಸಿಕೊಂಡರೆ ಒಂದೊಂದು ಎಪ್ಪತ್ತು–ಎಂಬತ್ತು ರೂಪಾಯಿಯ ಎನರ್ಜಿ ಬಾರ್ ಯಾಕೆ ಬೇಕು?

ಮಾಬುಕಳ ದಾಟಿ ಬ್ರಹ್ಮಾವರ ಬರುವ ಮೊದಲೇ ಮೊದಲ ಪಂಕ್ಚರ್. ಹೆದ್ದಾರಿಯಲ್ಲಿ ನಮ್ಮ ದೊಡ್ಡ ಶತ್ರು ಮೊಳೆಯೂ ಅಲ್ಲ, ಗಾಜೂ ಅಲ್ಲ. ಲಾರಿಗಳ ರೇಡಿಯಲ್ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ಎಳೆಗಳು ಚೂರುಚೂರಾಗಿ ರಸ್ತೆಯ ಅಂಚಿಗೆ ಬಂದು ಬೀಳುತ್ತವೆ. ಕೂದಲಿನಷ್ಟು ಸಪೂರ. ಟೈರಿನೊಳಗೆ ಹೊಕ್ಕರೆ ಕಣ್ಣಿಗೆ ಕಾಣುವುದಿಲ್ಲ. ಭಾವ ಹೊಸ ಟ್ಯೂಬ್ ಹಾಕಲು ಹೊರಟರು.

"ಭಾವ, ತಂತಿ ಸಿಗದೆ ಟ್ಯೂಬ್ ಹಾಕಬೇಡಿ. ಐದು ನಿಮಿಷಕ್ಕೆ ಮತ್ತೆ ಹೋಗ್ತದೆ."

"ಎಷ್ಟು ಹೊತ್ತು ಹುಡುಕುವುದು ಮಾರಾಯ? ನಿನ್ನ ಅಕ್ಕ ಊಟಕ್ಕೆ ಕಾಯ್ತಾ ಇದ್ದಾಳೆ."

"ರಾತ್ರಿ ಊಟಕ್ಕೆ ಅಲ್ವಾ?"

ಹಳೆ ಟ್ಯೂಬಿಗೆ ಗಾಳಿ ತುಂಬಿ ತೂತು ಎಲ್ಲಿದೆ ನೋಡಿ, ಅದನ್ನು ಟೈರಿನ ಪಕ್ಕ ಹಿಡಿದು ಅಳೆದರೆ ತಂತಿ ಇರುವ ಜಾಗ ಗೊತ್ತಾಗುತ್ತದೆ. ಟ್ಯೂಬ್ ತೆಗೆಯುವಾಗ ವಾಲ್ವ್ ಎಲ್ಲಿತ್ತು ಅಂತ ಟೈರಿನ ಮೇಲೆ ಗುರುತು ಮಾಡಿಕೊಂಡಿರಬೇಕು, ಅಷ್ಟೇ. ಒಳಗಿನಿಂದ ಹತ್ತಿ ಉಜ್ಜಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಕೀಳಲು ಅಕ್ಕನ ಹುಬ್ಬಿನ ಚಿಮಟ. ಹೊರಡುವ ಮೊದಲು ಕೇಳಿಯೇ ತಂದದ್ದು. ಇಡೀ ಸಾಮಾನಿನಲ್ಲಿ ಅತಿ ಹೆಚ್ಚು ಬಳಕೆಯಾದ ಉಪಕರಣ ಇದೇ ಇರಬೇಕು.

ಟೈರಿನ ಬಗ್ಗೆ ಕೇಳಿದವರಿಗೆ: ಇಬ್ಬರದ್ದೂ 700ಸಿ ಅಳತೆಯ ಚಕ್ರ, 35 ಮಿ.ಮೀ. ಅಗಲದ ಟೈರು, ಗಾಳಿಯ ಒತ್ತಡ ಸುಮಾರು 60 ಪಿಎಸ್‌ಐ. ನನ್ನದು ಸಪೂರ ಪ್ರೆಸ್ಟಾ ವಾಲ್ವ್, ಪೆಟ್ರೋಲ್ ಬಂಕಿನ ಗಾಳಿಗೆ ಅಡಾಪ್ಟರ್ ಬೇಕು. ಭಾವನದು ಕಾರಿನ ತರದ್ದು, ಎಲ್ಲಿ ಬೇಕಾದರೂ ತುಂಬಿಸಬಹುದು. ಉದ್ದ ಪ್ರಯಾಣಕ್ಕೆ ಅವರ ಆಯ್ಕೆಯೇ ಸರಿ, ಒಪ್ಪಿದ್ದೇನೆ.

ಉಡುಪಿಯಲ್ಲಿ ಒಳಗೆ ಹೋಗಲಿಲ್ಲ. ಭಾವ ಹೆದ್ದಾರಿಯಿಂದಲೇ ಕೃಷ್ಣ ಮಠದ ದಿಕ್ಕಿಗೆ ಕೈ ಮುಗಿದರು. ಮಲ್ಪೆಯಿಂದ ಬರುವ ಮೀನಿನ ಲಾರಿಗಳು ಇಲ್ಲಿಂದ ಜಾಸ್ತಿ. ಅವುಗಳಿಂದ ಸೋರುವ ಐಸ್ ನೀರು ರಸ್ತೆಯ ಎಡಕ್ಕೇ ಬೀಳುತ್ತದೆ, ಅಂದರೆ ನಮ್ಮ ದಾರಿಗೇ. ವಾಸನೆಗೆ ಮೂಗು ಒಗ್ಗುತ್ತದೆ, ಚೈನಿಗೆ ಉಪ್ಪು ಒಗ್ಗುವುದಿಲ್ಲ.

ಕಟಪಾಡಿಯಲ್ಲಿ ಇವತ್ತಿನ ಒಂದೇ ಜಗಳ. ಹೆದ್ದಾರಿಯಲ್ಲೇ ಹೋದರೆ ಕಾಪು ಅರ್ಧ ಗಂಟೆ. ನಾನು ಮಟ್ಟುವಿನ ಮೇಲೆ ಕಡಲ ಬದಿಯ ರಸ್ತೆ ಹಿಡಿಯೋಣ ಅಂದೆ. "ಸುಮ್ನೆ ಸುತ್ತು" ಅಂದರು ಭಾವ. ಆದರೂ ತಿರುಗಿದರು. ಮಟ್ಟುವಿನಲ್ಲಿ ಗದ್ದೆಗಳ ನಡುವೆ ಗುಳ್ಳದ ಸಾಲು. ಈ ಬದನೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಆಮೇಲೆ ರಸ್ತೆ ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ ಇಟ್ಟುಕೊಂಡು ತೆಂಗಿನ ತೋಟಗಳ ನಡುವೆ ಹೋಗುತ್ತದೆ. ಮರವಂತೆಯದ್ದೇ ನೋಟ, ಲಾರಿ ಇಲ್ಲದೆ. ಅಗಲ ಕಡಿಮೆ, ಅಲ್ಲಲ್ಲಿ ಮರಳು ಬಂದಿದೆ, ಗಂಟೆಗೆ ಹದಿನಾಲ್ಕು ಕಿಲೋಮೀಟರಿಗಿಂತ ಮೇಲೆ ಹೋಗಲಿಲ್ಲ. ಆದರೆ ಇಡೀ ದಿನದಲ್ಲಿ ಇಬ್ಬರೂ ಅಕ್ಕಪಕ್ಕ ಮಾತಾಡಿಕೊಂಡು ಸೈಕಲ್ ಹೊಡೆದದ್ದು ಇಲ್ಲಿ ಮಾತ್ರ. ಒಂದು ಅಂಗಡಿಯಲ್ಲಿ ಬೊಂಡ (ಎಳನೀರು) ಕುಡಿದೆವು. ಅಂಗಡಿಯ ಅಮ್ಮ ನಮ್ಮಿಬ್ಬರ ಜತೆ ತುಳುವಿನಲ್ಲಿ ಶುರು ಮಾಡಿ, ಭಾವ ಶಿರಸಿ ಕಡೆಯವರು ಅಂತ ಗೊತ್ತಾದ ಮೇಲೆ ಕನ್ನಡಕ್ಕೆ ಬಂದರು. ಉಡುಪಿಯಿಂದ ಮಂಗಳೂರಿಗೆ ಸೈಕಲಲ್ಲಿ ಹೋಗುವ ಯಾರಿಗೇ ಆದರೂ ನಾನು ಹೇಳುವುದು ಇದೇ: ಕಟಪಾಡಿಯಿಂದ ಕಾಪುವರೆಗೆ ಹೆದ್ದಾರಿ ಬಿಡಿ.

ಕಾಪುವಿನಲ್ಲಿ ಮಧ್ಯಾಹ್ನದ ವಿರಾಮ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಈ ಹೊತ್ತಿಗೆ ಬಂಡೆ ಕಾಲಿಡಲಾಗದಷ್ಟು ಕಾದಿತ್ತು, ದೂರದಿಂದಲೇ ನೋಡಿದೆವು. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ. ಉಪ್ಪು, ನೀರು, ಅನ್ನ ಮೂರೂ ಒಂದೇ ಬಟ್ಟಲಲ್ಲಿ. ಬೆವರಿಳಿಸಿದವರಿಗೆ ಬೇಕಾದದ್ದೂ ಅದೇ ಮೂರು. ಆಮೇಲೆ ತೆಂಗಿನ ಮರದಡಿ ನಿದ್ದೆ.

ಮೂರಕ್ಕೆ ಎದ್ದಾಗ ಗಾಳಿ ತಿರುಗಿತ್ತು. ನಾವು ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತಿರುವುದಕ್ಕೆ ಇದೂ ಒಂದು ಕಾರಣ. ಈ ತಿಂಗಳುಗಳಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುತ್ತದೆ. ನೆಲ ಕಾದ ಮೇಲೆ ಕಡಲಿನಿಂದ, ಹೆಚ್ಚಾಗಿ ವಾಯವ್ಯದಿಂದ, ಜೋರಾಗಿ ಬರುತ್ತದೆ. ತೆಂಕಣಕ್ಕೆ ಹೋಗುವವರಿಗೆ ಅದು ಬೆನ್ನು ತಟ್ಟುವ ಗಾಳಿ. ಕಾಪುವಿನಿಂದ ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ ಎಲ್ಲ ಹೇಗೆ ದಾಟಿದವು ಗೊತ್ತಾಗಲಿಲ್ಲ. ಸಾಮಾನು ಹೇರಿದ ಸೈಕಲಿನಲ್ಲಿ ಗಂಟೆಗೆ 24. ಹೆಜಮಾಡಿ ಟೋಲಿನಲ್ಲಿ ಸೈಕಲಿಗೆ ದುಡ್ಡಿಲ್ಲ. ಭಾವ ಮಾತ್ರ ಪ್ರತಿ ಟೋಲಿನಲ್ಲೂ ಗತ್ತಿನಿಂದ ಸಿಬ್ಬಂದಿಗೆ ಕೈ ಬೀಸುತ್ತಾರೆ.

ಈ ಭಾಗದಲ್ಲಿ ಬಸ್ಸಿನ ಬಗ್ಗೆ ಎಚ್ಚರ ಬೇಕು. ಎಕ್ಸ್‌ಪ್ರೆಸ್ ಬಸ್ಸು ನಿಮ್ಮನ್ನು ಹಿಂದಿಕ್ಕಿ, ಐವತ್ತು ಮೀಟರ್ ಮುಂದೆ ಎಡಕ್ಕೆ ಎಳೆದು ನಿಲ್ಲುತ್ತದೆ. ಎಡದಿಂದ ನುಗ್ಗಲೇಬಾರದು, ಬಾಗಿಲಿನಿಂದ ಜನ ಇಳಿಯುತ್ತಾರೆ. ಬ್ರೇಕ್ ಹಿಡಿದು ನಿಂತು, ಕಂಡಕ್ಟರ್ ಸೀಟಿ ಊದುವವರೆಗೆ ಕಾಯುವುದೇ ಕ್ಷೇಮ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಸ್ಕೂಟರುಗಳ ಬಗ್ಗೆ ಹೇಳಿ ಪ್ರಯೋಜನವಿಲ್ಲ.

ಸುರತ್ಕಲ್ ಕಳೆದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಬೈಕಂಪಾಡಿ ಕೈಗಾರಿಕಾ ಪ್ರದೇಶ, ಪಣಂಬೂರಿನಲ್ಲಿ ಬಂದರು, ಅದರ ಸುತ್ತ ಎಣ್ಣೆ ಮತ್ತು ಗ್ಯಾಸ್ ಟ್ಯಾಂಕರುಗಳ ಸಾಲು. ಅಷ್ಟು ಭಾರಕ್ಕೆ ಡಾಂಬರು ಅಲೆಅಲೆಯಾಗಿ ಎದ್ದಿದೆ. ಪಕ್ಕದಲ್ಲಿ ನಿಲ್ಲಿಸಿದ ಲಾರಿಗಳಿಂದ ಅಂಚಿನ ಜಾಗವೂ ಇಲ್ಲ. ಎರಡನೇ ಪಂಕ್ಚರ್ ಆದದ್ದು ಇಲ್ಲೇ, ಮತ್ತೊಂದು ತಂತಿ. ಈ ಸಲ ಭಾವ ತಾವಾಗಿಯೇ ಚಿಮಟ ಕೇಳಿದರು. ಇಬ್ಬರು ಟ್ಯಾಂಕರ್ ಚಾಲಕರು ಮೊಬೈಲ್ ಟಾರ್ಚ್ ಹಿಡಿದು ನಿಂತರು. ಒಬ್ಬರು ತಮಿಳುನಾಡಿನವರು. ಕನ್ಯಾಕುಮಾರಿಯಲ್ಲಿ ಗಾಳಿ ಹೇಗಿರುತ್ತದೆ ಅಂತ ಕೈಯಲ್ಲೇ ತೋರಿಸಿದರು. ಆರಾಲ್ವಾಯ್ಮೊಳಿ ಹತ್ತಿರ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಂತೆ.

ಕೂಳೂರಿನಲ್ಲಿ ಫಲ್ಗುಣಿ ದಾಟಿ, ಕೊಟ್ಟಾರ ಚೌಕಿಯಿಂದ ಏರು. ಇಡೀ ದಿನ ಸಪಾಟಾಗಿ ಬಂದು, ಮನೆ ಹತ್ತಿರ ಬಂದಾಗ ಗುಡ್ಡ. ಮಂಗಳೂರು ಇರುವುದೇ ಹಾಗೆ. ಕುಂಟಿಕಾನ, ಕೆಪಿಟಿ, ಅಲ್ಲಿಂದ ಕದ್ರಿ. ಚಿಕ್ಕ ಗೇರಿಗೆ ಹಾಕಿ ಕೂತೆವು. ಮನೆ ತಲುಪಿದಾಗ ಆರೂಮುಕ್ಕಾಲು. ಅಕ್ಕ ಬಾಗಿಲಲ್ಲೇ, "ಸೈಕಲ್ ಹೊರಗೆ, ಬೂಟು ಹೊರಗೆ, ನೀವಿಬ್ಬರೂ ಸೀದಾ ಬಚ್ಚಲಿಗೆ" ಅಂದಳು.

ಊಟದ ಮೇಲೆ ಎರಡೂ ಸೈಕಲ್ ಸಿಹಿನೀರಿನಲ್ಲಿ ತೊಳೆದು, ಚೈನ್ ಒರೆಸಿ ಎಣ್ಣೆ ಹಾಕಿದೆ. ಕರಾವಳಿಯಲ್ಲಿ ಇದನ್ನು ದಿನಾ ಮಾಡಬೇಕು, ಇಲ್ಲದಿದ್ದರೆ ಬೆಳಿಗ್ಗೆಗೆ ಕೆಂಪು. ಭಾವನ ಹಿಂದಿನ ಟೈರಿನ ನಡುವಿನ ರಬ್ಬರ್ ಸವೆದು ಚಪ್ಪಟೆಯಾಗಿದೆ, ತಂತಿ ಸುಲಭವಾಗಿ ಹೊಗುವುದು ಅದಕ್ಕೇ. ನಾಳೆ ಅಂಗಡಿ ತೆರೆದ ಮೇಲೆ ಹೊಸದು ಕೊಂಡು ಹೊರಡುವುದು. ಹಾಗಾಗಿ ನಾಳೆ ಗಿಡ್ಡ ದಿನ: ನೇತ್ರಾವತಿ, ತಲಪಾಡಿ, ಕಾಸರಗೋಡು. ಸುಮಾರು 50 ಕಿ.ಮೀ. ಇನ್ನೊಂದು ದಿನ ಮನೆಯಲ್ಲೇ ಉಳಿಯೋಣ ಅಂತ ಭಾವ ಆಗಲೇ ಎರಡು ಸಲ ಹೇಳಿದ್ದಾರೆ. ಅಕ್ಕ ಬೇಡ ಅಂದಿದ್ದಾಳೆ.