ಜಾಮೀನು ಸಹಿಯೂ ಗುರುವಾರದ ಮಾತುಕತೆಯೂ

ತಮ್ಮನ ವ್ಯಾಪಾರದ ಸಾಲಕ್ಕೆ ಜಾಮೀನು ನಿಲ್ಲಬೇಕೋ ಬೇಡವೋ ಎಂಬುದಷ್ಟೇ ನನ್ನ ತೊಂದರೆ ಎಂದುಕೊಂಡಿದ್ದೆ. ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಕಚೇರಿಗೆ ಹೋಗುವಾಗ ಬಸ್ಸಿನಲ್ಲಿ ಎದೆ ಬಿಗಿಯುತ್ತಿತ್ತು. ರಾಜಾಜಿನಗರದ ನಮ್ಮ ಮನೆ ವೈದ್ಯರು ಇಸಿಜಿ, ಥೈರಾಯ್ಡ್, ಸಕ್ಕರೆ ಎಲ್ಲವನ್ನೂ ನೋಡಿಸಿ, "ಮೈಯಲ್ಲಿ ಏನೂ ಇಲ್ಲ. ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತನಾಡಿ" ಎಂದರು. ಅಪ್ಪ ತೀರಿಕೊಂಡಾಗಿನಿಂದ ಮನೆಯ ಹಿರಿಯ ಮಗನಾಗಿ ಎಲ್ಲರ ಕಷ್ಟ ಕೇಳಿದವನು ನಾನು. ನನ್ನದನ್ನು ಹೇಳಿಕೊಳ್ಳಲು ಒಂದು ಹೆಸರೂ ಹೊಳೆಯಲಿಲ್ಲ.

ನಿಮ್ಹಾನ್ಸ್ ಇರುವ ಊರಿನಲ್ಲಿ ಇದಕ್ಕೇನು ಬರ ಎನ್ನಬಹುದು. ಜನರಿಗೆ ಬರವಿಲ್ಲ, ಯಾರು ಯಾವ ಕೆಲಸ ಮಾಡುತ್ತಾರೆ ಎಂದು ತಿಳಿಯುವುದೇ ಕಷ್ಟ. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಆ ಸಂಖ್ಯೆಯನ್ನು ಕೇಳಲು ಸಂಕೋಚ ಬೇಡ. ಇನ್ನು ಆಪ್ತ ಸಮಾಲೋಚಕರೆಂದು ಫಲಕ ಹಾಕಿದವರಲ್ಲಿ ವರ್ಷಗಟ್ಟಲೆ ಪಳಗಿದವರೂ ಇದ್ದಾರೆ, ನಾಲ್ಕು ದಿನದ ಪ್ರಮಾಣಪತ್ರ ಹಿಡಿದವರೂ ಇದ್ದಾರೆ. ಹಾಗಾಗಿ ಫೋನಿನಲ್ಲೇ ಕೇಳತೊಡಗಿದೆ: ಎಲ್ಲಿ ತರಬೇತಿ ಪಡೆದಿರಿ, ಯಾವ ಪದ್ಧತಿ, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಇದ್ದಾರೆಯೇ, ಶುಲ್ಕ ಎಷ್ಟು, ಕನ್ನಡದಲ್ಲಿ ಮಾತನಾಡಬಹುದೇ. ಕೊನೆಯ ಪ್ರಶ್ನೆಗೆ ಎಷ್ಟೋ ಕಡೆ "ಸ್ವಲ್ಪ ಸ್ವಲ್ಪ" ಎಂಬ ಉತ್ತರ ಬಂತು. ಕಚೇರಿಯ ಕಡತಕ್ಕೆ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯಬಲ್ಲೆ, ಆದರೆ ಅಪ್ಪನ ಮೇಲಿನ ಸಿಟ್ಟನ್ನು ಇಂಗ್ಲಿಷಿನಲ್ಲಿ ಹೇಳಲಾರೆ. ಈ ಊರಿನಲ್ಲಿ ಕನ್ನಡದಲ್ಲಿ ಅಳಲು ಜಾಗ ಹುಡುಕಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಮಲ್ಲೇಶ್ವರದ ಒಬ್ಬರು ಮಾತ್ರ ಎಲ್ಲ ಪ್ರಶ್ನೆಗಳಿಗೂ ಅಳುಕಿಲ್ಲದೆ ಉತ್ತರಿಸಿದರು. "ನಾನು ಹ್ಯೂಮನಿಸ್ಟಿಕ್, ಅಂದರೆ ಬಂದ ಮನುಷ್ಯನ ಅನುಭವವನ್ನೇ ನಡುವಿಗಿಡುವ ಪದ್ಧತಿಯಲ್ಲಿ ಕಲಿತವಳು. ಸಲಹೆ ಕೊಡುವುದು ಕಡಿಮೆ. ಬಂದು ನೋಡಿ, ನಿಮಗೆ ಒಗ್ಗದಿದ್ದರೆ ಬೇರೆಯವರ ಬಳಿ ಕಳಿಸುತ್ತೇನೆ" ಎಂದರು. ಗಿರಾಕಿಯನ್ನು ಬಿಟ್ಟುಕೊಡಲು ಮೊದಲೇ ಸಿದ್ಧರಾಗಿದ್ದವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ಗುರುವಾರ ಸಂಜೆ, ಐವತ್ತು ನಿಮಿಷ. ಮಂಚವಾಗಲಿ ದೊಡ್ಡ ಮೇಜಾಗಲಿ ಇರಲಿಲ್ಲ, ಒಂದೇ ಎತ್ತರದ ಎರಡು ಕುರ್ಚಿ. ಹೇಳಿದ್ದು ಹೊರಗೆ ಹೋಗುವುದಿಲ್ಲ, ಯಾರ ಜೀವಕ್ಕಾದರೂ ಅಪಾಯವಿದೆ ಎನಿಸಿದರೆ ಮಾತ್ರ ಆ ಮಾತು ಸಡಿಲವಾಗುತ್ತದೆ ಎಂದು ಮೊದಲೇ ತಿಳಿಸಿದರು. ಆರಂಭದ ಭೇಟಿಗಳಲ್ಲಿ ನಾನು ಹೇಳಿದ್ದೆಲ್ಲ ಲೆಕ್ಕಾಚಾರ: ಅಪ್ಪನ ಸಾಲ, ತಂಗಿಯ ಮದುವೆಯ ಖರ್ಚು, ತಮ್ಮನ ಕಾಲೇಜು ಶುಲ್ಕ, ಈಗ ಅವನ ಅಂಗಡಿಗೆ ಬೇಕಾದ ಸಾಲ. ಒಮ್ಮೆ ಹೀಗೆ ಹೇಳುತ್ತಿರುವಾಗ ಅವರು ನನ್ನನ್ನು ತಡೆದರು.

"ಅಂಕಿಗಳನ್ನೆಲ್ಲ ಬಹಳ ಒಪ್ಪವಾಗಿ ಹೇಳುತ್ತಿದ್ದೀರಿ. ನಿಮ್ಮ ಕೈ ಮಾತ್ರ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದೆ."

ನೋಡಿಕೊಂಡೆ. ಬೆರಳಿನ ಗೆಣ್ಣುಗಳು ಬಿಳಿಚಿಕೊಂಡಿದ್ದವು. ನನಗೆ ರೇಗಿತು. "ಮೇಡಂ, ಸಹಿ ಹಾಕಲೋ ಬೇಡವೋ ಎಂದು ಇಷ್ಟು ದಿನದಿಂದ ಕೇಳುತ್ತಿದ್ದೇನೆ. ದುಡ್ಡು ಕೊಟ್ಟು ಬರುವುದು ಉತ್ತರಕ್ಕಾಗಿ. ನೀವು ನನ್ನ ಕೈ ನೋಡುತ್ತಾ ಕೂತಿದ್ದೀರಿ" ಎಂದುಬಿಟ್ಟೆ. ದನಿ ಏರಿತ್ತು.

ಅವರು ಸಮಜಾಯಿಷಿ ಕೊಡಲಿಲ್ಲ, ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ನಿಮಗೆ ನನ್ನಿಂದ ಉತ್ತರ ಬೇಕಿತ್ತು. ಸಿಗದೇ ಹೋದಾಗ 'ಇವಳಿಗೂ ನನ್ನ ಕಷ್ಟ ಕಾಣುತ್ತಿಲ್ಲ' ಎನ್ನಿಸಿದೆ. ಅಲ್ಲವೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಈಗ ನಿಮ್ಮ ಜೊತೆ ಮಾತನಾಡುವುದು ನನಗೆ ಮೊದಲಿಗಿಂತ ಹತ್ತಿರ ಎನಿಸುತ್ತಿದೆ" ಎಂದೂ ಸೇರಿಸಿದರು. 'ಇವಳಿಗೂ' ಎಂದ ಕಡೆ ನನ್ನ ಗಂಟಲು ಕಟ್ಟಿತು. ಸಿಟ್ಟು ಮಾಡಿದವನನ್ನು ಎದುರಿಗಿದ್ದವರು ದೂರ ಮಾಡದಿರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಸಂಜೆ ಉಳಿದ ಹೊತ್ತೆಲ್ಲ ಅತ್ತೆ.

ಇದು ಹೇಗೆ ಕೆಲಸ ಮಾಡಿತು ಎಂದು ಅವರನ್ನೇ ಕೇಳಿದೆ, ಆಮೇಲೆ ನಾನೂ ಓದಿದೆ. ಈ ಹ್ಯೂಮನಿಸ್ಟಿಕ್ ಹಾದಿಯನ್ನು ಗಟ್ಟಿ ಮಾಡಿದವರಲ್ಲಿ ಮುಖ್ಯರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ಬಂದವರನ್ನು ರೋಗಿ ಎನ್ನದೆ 'ಕ್ಲೈಂಟ್' ಎಂದು ಕರೆದವರು. ಆಪ್ತ ಸಮಾಲೋಚನೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ, ಒಂದನ್ನು ಪೂರ್ತಿಯಾಗಿ 1942ರ ತಮ್ಮ ಪುಸ್ತಕದಲ್ಲಿ ಅಚ್ಚು ಹಾಕಿಸಿದವರು. ಮನುಷ್ಯ ಬದಲಾಗಲು ಚಿಕಿತ್ಸಕನಲ್ಲಿ ಏನಿರಬೇಕು ಎಂದು 1957ರ ಪ್ರಬಂಧದಲ್ಲಿ ಬರೆದರು: ಎದುರಿನವರ ಒಳಗನ್ನು ಅವರ ಕಣ್ಣಿನಿಂದ ಕಾಣುವುದು, ಷರತ್ತಿಲ್ಲದೆ ಒಪ್ಪಿಕೊಳ್ಳುವುದು, ತಾನು ಮುಖವಾಡವಿಲ್ಲದೆ ಇರುವುದು, ಇವೆಲ್ಲ ಎದುರಿನವರಿಗೆ ಒಂದಿಷ್ಟಾದರೂ ತಟ್ಟುವುದು. ಇಷ್ಟಿದ್ದರೆ ಸಾಕು ಎಂಬ ಅವರ ಮಾತಿನ ಬಗ್ಗೆ ಇಂದಿಗೂ ವಾದವಿದೆ. ಆದರೆ ಯಾವ ಪದ್ಧತಿಯಾದರೂ ಇಬ್ಬರ ನಡುವಿನ ಸಂಬಂಧ ಗಟ್ಟಿಯಾಗಿರಬೇಕು ಎಂಬುದನ್ನು ಬೇರೆ ಪದ್ಧತಿಯವರೂ ಒಪ್ಪುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ರೋಜರ್ಸ್ ಅವರ ಇನ್ನೊಂದು ಮಾತು. ಹೀಗಿದ್ದರೆ ಮಾತ್ರ ನೀನು ಒಳ್ಳೆಯವನು ಎಂಬ ಷರತ್ತನ್ನು ಮಗು ಬೇಗ ಕಲಿಯುತ್ತದೆ, ಪ್ರೀತಿ ಕೈತಪ್ಪಬಾರದೆಂದು ತನಗೆ ಅನ್ನಿಸಿದ್ದನ್ನೇ ಅಲ್ಲಗಳೆಯುತ್ತದೆ. "ದೊಡ್ಡವನಾಗಿ ನೀನೇ ಹೀಗೆಂದರೆ ಹೇಗಪ್ಪಾ" ಎಂದು ಅಮ್ಮ ಹೇಳುತ್ತಿದ್ದುದು ನೆನಪಾಯಿತು. ಅಮ್ಮನದು ತಪ್ಪಲ್ಲ, ಅವಳಿಗೂ ಬೇರೆ ಆಸರೆ ಇರಲಿಲ್ಲ. ಆದರೆ ಹೋಟೆಲಿನಲ್ಲಿ ಕೂಡ "ನಿಮಗೆ ಏನೋ ಅದೇ ನನಗೂ" ಎನ್ನುವ ಗಂಡಸಾಗಿ ನಾನು ಬೆಳೆದದ್ದು ಹೀಗೆ. ಸಹಿಯ ಬಗ್ಗೆ ಮೇಡಂ ಉತ್ತರ ಕೊಟ್ಟಿದ್ದರೆ ಅದನ್ನೂ ವಿಧೇಯನಾಗಿ ಪಾಲಿಸುತ್ತಿದ್ದೆ.

ಎಲ್ಲರಿಗೂ ಎಲ್ಲದಕ್ಕೂ ಇದೇ ಮದ್ದೆಂದು ನಾನು ಹೇಳುವುದಿಲ್ಲ. ಇಲ್ಲದ ದನಿ ಕೇಳಿಸುವುದು, ಹುಚ್ಚು ಉತ್ಸಾಹ ಮತ್ತು ಆಳವಾದ ಖಿನ್ನತೆಯ ಏರಿಳಿತ, ಇಂಥವಕ್ಕೆ ಮನೋವೈದ್ಯರನ್ನು ಕಾಣಲೇಬೇಕು. ಕೆಲವರಿಗೆ ಮನೆಗೆಲಸ ಕೊಟ್ಟು, ಹಂತ ಹಂತವಾಗಿ ಅಭ್ಯಾಸ ಮಾಡಿಸುವ ಪದ್ಧತಿಯೇ ಹೆಚ್ಚು ಒಗ್ಗುತ್ತದೆ. ರಾತ್ರಿ ಹೊತ್ತಿನಲ್ಲಿ ತಡೆಯಲಾಗದೆ ಹೋದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ದಿನವಿಡೀ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಕಳೆದ ಭಾನುವಾರ ನನ್ನ ತಮ್ಮ ಸಾಲದ ಕಾಗದಪತ್ರ ಹಿಡಿದು ಮನೆಗೆ ಬಂದ. "ಅಣ್ಣ, ಇಲ್ಲಿ ಒಂದು ಸಹಿ" ಎಂದ. "ಇಷ್ಟು ದೊಡ್ಡ ಮೊತ್ತಕ್ಕೆ ನಿಲ್ಲಲು ನನಗೆ ಭಯವಾಗುತ್ತಿದೆ. ಇವತ್ತು ಹಾಕುವುದಿಲ್ಲ, ಯೋಚಿಸಬೇಕು" ಎಂದೆ. ಅವನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ, ಇನ್ನೂ ಫೋನ್ ಮಾಡಿಲ್ಲ. ಸಹಿ ಹಾಕುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಅವನ ಮುನಿಸು ನನಗೆ ಸಂಕಟ ಕೊಡುತ್ತಿರುವುದಂತೂ ನಿಜ. ಈ ಗುರುವಾರ ಮೊದಲು ಅದನ್ನೇ ಮಾತನಾಡುತ್ತೇನೆ.